ಏನೂ ಮಾಡದ ಬೆಳಕು

ಭಾನುವಾರ, ಮಧ್ಯಾಹ್ನ

ಪುಟ್ಟಿ,

ಫೋನಿನಲ್ಲಾದರೆ ನನ್ನ ಮಾತು ಮುಗಿಯುವ ಮೊದಲೇ ಸಮಾಧಾನ ಹೇಳಲು ಶುರು ಮಾಡುತ್ತೀಯ. ಅದಕ್ಕೇ ಈ ಕಾಗದ. ನಿನ್ನ ಉತ್ತರ ಬರುವವರೆಗೆ ನಾನು ಆಸ್ಪತ್ರೆಗೆ ಹೋಗುವುದಿಲ್ಲ.

ರೇಡಿಯೇಶನ್‌ನಿಂದ ನನ್ನ ಬಾಯೆಲ್ಲ ಹುಣ್ಣಾಯಿತಲ್ಲ. ಅದು ಹೆಚ್ಚಾದರೆ ರೇಡಿಯೇಶನ್ನನ್ನೇ ಅರ್ಧಕ್ಕೆ ನಿಲ್ಲಿಸಬೇಕಾದೀತು, ಹಾಗೆ ನಿಂತರೆ ಗಡ್ಡೆ ಮತ್ತೆ ತಲೆ ಎತ್ತೀತು ಎಂದು ಡಾಕ್ಟರು ಹೆದರಿಸಿದರು. ಯಾವುದೋ ದೊಡ್ಡ ಔಷಧ ಕೊಡುತ್ತಾರೆ ಅಂದುಕೊಂಡರೆ, ನರ್ಸಮ್ಮ ಪೆನ್ನಿನಂಥ ಕಡ್ಡಿ ತಂದು ಬಾಯೊಳಗೆ ಕೆಂಪು ದೀಪ ಬಿಟ್ಟಳು! ಬಿಸಿಯಿಲ್ಲ, ಚುಚ್ಚುವುದಿಲ್ಲ. ಕಣ್ಣಿಗೆ ಕಪ್ಪು ಕನ್ನಡಕ ಬೇರೆ. ಸಿನಿಮಾ ನಟಿಯ ಹಾಗೆ ಅದನ್ನು ಹಾಕಿಕೊಂಡು, ಬಾಯಿ ತೆರೆದು ಕೂತಿರಬೇಕು.

"ಇದರಿಂದ ಏನಾಗುತ್ತೆ ತಾಯಿ?" ಅಂದೆ.

"ಹುಣ್ಣು ಬೇಗ ಮಾಯುತ್ತೆ ಅಜ್ಜಿ, ನೋವೂ ಕಮ್ಮಿಯಾಗುತ್ತೆ" ಅಂದಳು.

"ಸುಮ್ನಿರೇ, ಕೆಂಪು ದೀಪದ ವಿಷಯ ನನಗೇ ಹೇಳ್ತೀಯಾ?" ಅಂದೆ.

ನಮ್ಮ ಫೋಟೋ ಸ್ಟುಡಿಯೋದಲ್ಲಿ ನಿಮ್ಮಪ್ಪ ಮುಂದೆ ನಿಂತು ಎಲ್ಲರನ್ನೂ ನಗಿಸಿ ಫೋಟೋ ತೆಗೆಯುತ್ತಿದ್ದರು; ಹಿಂದಿನ ಕತ್ತಲೆ ಕೋಣೆಯಲ್ಲಿ ಅವನ್ನು ತೊಳೆದವಳು ನಾನು. ಅಲ್ಲಿ ಕೆಂಪು ಬಲ್ಬನ್ನೇ ಯಾಕೆ ಹಾಕುತ್ತಿದ್ದೆವು? ಬೇರೆ ಬೆಳಕು ಬಿದ್ದರೆ ಫೋಟೋ ಕಾಗದ ಕಪ್ಪಾಗುತ್ತಿತ್ತು. ಕೆಂಪು ಮಾತ್ರ ಏನೂ ಮಾಡುತ್ತಿರಲಿಲ್ಲ. ಕಾಗದಕ್ಕೇ ಏನೂ ಮಾಡದ ಬೆಳಕು ನನ್ನ ಹುಣ್ಣಿಗೆ ಏನು ಮಾಡೀತು?

ಮತ್ತೆ ವಾರದಿಂದ ದಿನಾ ಯಾಕೆ ಬಿಡುತ್ತಿದ್ದಾರೆ? ಮಾಡಲು ಇನ್ನೇನೂ ಉಳಿದಿಲ್ಲ ಅಂತ ತಾನೇ? ಅಳುವ ಮಗುವಿನ ಮುಂದೆ ಗಿಲಕಿ ಆಡಿಸಿದ ಹಾಗೆ. ಅವತ್ತು ಕಾರಿಡಾರಿನಲ್ಲಿ ನೀನು ಡಾಕ್ಟರ ಜೊತೆ ಪಿಸುಗುಟ್ಟಿ, ನಗುತ್ತಾ ನನ್ನ ಹತ್ತಿರ ಬಂದೆ. ಆ ನಗು ನನಗೆ ಹೊಸದಲ್ಲ. ಚಿಕ್ಕವಳಿದ್ದಾಗ ಅಪ್ಪನ ಕ್ಯಾಮೆರಾ ಲೆನ್ಸ್ ಒಡೆದು ಪರದೆಯ ಹಿಂದೆ ಬಚ್ಚಿಟ್ಟ ದಿನವೂ ನೀನು ಹಾಗೇ ನಕ್ಕಿದ್ದೆ. ನಿಜ ಬರೆದು ಕಳಿಸು. ನಾನೇನೂ ಹೆದರುವುದಿಲ್ಲ. ಊಟದ ವಿಷಯ ಕೇಳಬೇಡ; ಹುಣ್ಣಿಗೆ ತಾಗದ ಹಾಗೆ ತಣ್ಣನೆ ಹಾಲನ್ನು ಸ್ಟ್ರಾದಲ್ಲಿ ಎಳೆಯುತ್ತಿದ್ದೇನೆ.

ಗಿಲಕಿಗೆ ಮರುಳಾಗದ
ನಿನ್ನ ಅಮ್ಮ

ತಾ.ಕ.: ಅಂಟಿಸಿದ ಲಕೋಟೆಯನ್ನು ಹರಿದು ಇದನ್ನು ಬರೆಯುತ್ತಿದ್ದೇನೆ. ಹಳೇ ಅಭ್ಯಾಸ ನೋಡು, ಅಂಟಿನ ಅಂಚನ್ನು ಉದ್ದಕ್ಕೂ ನಾಲಿಗೆಯಿಂದ ನೆಕ್ಕಿಬಿಟ್ಟೆ. ಬಾಯಲ್ಲಿ ಹುಣ್ಣಿದೆ ಅನ್ನುವುದು ಆಮೇಲೆ ನೆನಪಾಯಿತು. ಹೋದ ವಾರ ನೀರು ತಾಗಿದರೂ ಜೀವ ಹೋಗುತ್ತಿತ್ತು. ಈಗ ಉರಿಯೇ ಇಲ್ಲ. ನಂಬಿಕೆ ಬರಲಿಲ್ಲ, ಇನ್ನೊಂದು ಖಾಲಿ ಲಕೋಟೆಯನ್ನು ಸುಮ್ಮನೆ ನೆಕ್ಕಿ ನೋಡಿದೆ; ಆಗಲೂ ಉರಿಯಲಿಲ್ಲ. ನಾಳೆ ಆಸ್ಪತ್ರೆಗೆ ಹೋಗುತ್ತೇನೆ. ನರ್ಸಮ್ಮನಿಗೆ ಹೇಳಬೇಡ. ಆದರೂ ಕಾರಿಡಾರಿನಲ್ಲಿ ಏನು ಪಿಸುಗುಟ್ಟಿದಿರಿ, ಅದನ್ನು ಬರೆ.