ಎರಡನೇ ಚೌಕ

ಹುಬ್ಬಳ್ಳಿ,
ಫೆಬ್ರವರಿ ಮೂವತ್ತು, ಎರಡು ಸಾವಿರದ ನೂರಾ ಅರವತ್ತೊಂದು.

ಎಲೈ ನನ್ನ ಮುತ್ತಜ್ಜನನ್ನು ಹೆತ್ತ ಮಹಾತಾಯಿ, ಕಸ್ತೂರಮ್ಮನವರೇ!

ತಾರೀಕು ನೋಡಿ ಬೆಚ್ಚಬೇಡಿ. ನಿಮ್ಮ ಫೆಬ್ರವರಿಗೆ ಮೂವತ್ತನೇ ದಿನವಿಲ್ಲವೆಂದು ಬಲ್ಲೆ. ಎಲ್ಲ ಕಂತುಗಳೂ ಸಮ ಅಂತರದಲ್ಲಿ ಬರಲೆಂದು ಸಾಲ ಕೊಡುವವರು ನಮ್ಮ ತಿಂಗಳುಗಳನ್ನೆಲ್ಲ ಮೂವತ್ತಕ್ಕೆ ಕತ್ತರಿಸಿ ಹೊಲಿದಿದ್ದಾರೆ. ಉಳಿದ ಐದು ದಿನಗಳನ್ನು ವರ್ಷದ ಕೊನೆಗೆ ಗುಡ್ಡೆ ಹಾಕಿ ರಜೆ ಎನ್ನುತ್ತಾರೆ. ಬಡ್ಡಿಗೆ ಮಾತ್ರ ರಜೆಯಿಲ್ಲ. ನನ್ನ ಮಾತು ವಿಚಿತ್ರವಾಗಿ ಕೇಳಿದರೆ ಕ್ಷಮೆಯಿರಲಿ. ನಾನು ದೊಡ್ಡಬಸಪ್ಪ, ವಯಸ್ಸು ಅರವತ್ತೆಂಟು. ಕಂಪನಿ ನಾಟಕದಲ್ಲಿ ರಾಜಪಾರ್ಟು ಮಾಡುತ್ತ ಬೆಳೆದವನು, ಮೈಕಿಲ್ಲದೆ ಕಟ್ಟಕಡೆಯ ಬೆಂಚಿಗೆ ದನಿ ಮುಟ್ಟಿಸಿದವನು. ಇಂದು ಆ ದನಿಗೂ ದಣಿವು ಬಂದಿದೆ. ಈ ಪತ್ರ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆಯೆಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲು. ಒಂದು ಮನೆತನಕ್ಕೆ ಒಂದೇ ಸಲ, ಎರಡೇ ಹಾಳೆ, ಮರು ಉತ್ತರವಿಲ್ಲ.

ನೀವು ಸಾಲ ಮಾಡಿ ಕೊಂಡ ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲೇ ಕೂತು ಬರೆಯುತ್ತಿದ್ದೇನೆ. ಬಚ್ಚಲ ನಲ್ಲಿ ಇಂದಿಗೂ ತೊಟ್ಟಿಕ್ಕುತ್ತದೆ. ಈಗ ಪ್ರತಿ ಬಾಗಿಲ ಮೇಲೊಂದು ಬಾಗಿಲುಗಣ್ಣು ಇದೆ. ಅಂದಿನ ಬಡ್ಡಿ ಇಳಿದರೆ ಹಸಿರು, ಏರಿದರೆ ಕೆಂಪು ಉರಿಯುವ ಸಣ್ಣ ದೀಪ. ಕೆಂಪು ಉರಿದ ದಿನ ಯಾರ ಮನೆಯಲ್ಲೂ ಒಗ್ಗರಣೆ ಹಾಕುವುದಿಲ್ಲ. ಹೀಗಾಗಿ ಕಣ್ಣು ಮಂಜಾದ ನನ್ನಂಥವರು ಮೆಟ್ಟಿಲ ಮೇಲೆ ನಿಂತು ಮೂಗಿನಿಂದಲೇ ದರ ತಿಳಿಯುತ್ತೇವೆ. ಸಾಸಿವೆ ಸಿಡಿದ ವಾಸನೆ ಬಂದು ಈಗ ಹತ್ತೊಂಬತ್ತು ದಿನ. ಬೀದಿಯ ಮರಗಳ ಕೆಳಗೆ ನೆರಳನ್ನು ಗಂಟೆಯ ಲೆಕ್ಕದಲ್ಲಿ ಮಾರುತ್ತಾರೆ. ನನ್ನ ಮಗ ಇಂದುಧರ ಕೆಲಸದಿಂದ ಬರುವಾಗ ಅರ್ಧ ಗಂಟೆ ನೆರಳು ಕೊಂಡು ಸುಮ್ಮನೆ ಕೂರುತ್ತಾನೆ. ಈ ದುಂದಿಗಾಗಿ ನಾನು ಅವನನ್ನು ಬೈದದ್ದುಂಟು. ಬಣ್ಣದ ಡಬ್ಬಿ ಕೊಂಡೆನೆಂದು ನಮ್ಮಪ್ಪ ನನ್ನನ್ನು ಬೈದಿದ್ದ. ಒಂದೇ ವರ್ಷ ಎರಡು ಅಂಗಿ ಹೊಲಿಸಿದನೆಂದು ನಮ್ಮಜ್ಜ ನಮ್ಮಪ್ಪನನ್ನು ಬೈದಿದ್ದ. ಹೊರಗೆ ಕಾಫಿ ಕುಡಿಯುತ್ತಾನೆಂದು ನಿಮ್ಮ ಮಗನನ್ನು ನೀವೂ ಬೈಯುವಿರಿ, ಅದು ಬೈಗುಳದ ಮಾತುಗಳ ಸಮೇತ ನಮ್ಮವರೆಗೆ ತಲುಪಿದೆ.

ಕಳೆದ ವಾರ ಸೊಸೆ ಮುಕ್ತಾ ಹನ್ನೊಂದು ದಿನದ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹಳೆಯ ಕಾಗದಗಳನ್ನೆಲ್ಲ ಹರವಿ ಕೂತಳು. ಆಮೇಲೆ ಅಂದಳು: "ಮಾವಾರ, ನಿಮ್ಮಪ್ಪಾರ ಅಂಗಿ, ನಿಮ್ಮ ಬಣ್ಣದ ಡಬ್ಬಿ, ಇವರ ನೆರಳು, ನಾ ಕೊಂಡ ಹೊಸಾ ತೊಟ್ಟಿಲಾ, ಎಲ್ಲಾ ಕೂಡಿಸಿದ್ರೂ ಮೂರು ತಿಂಗಳ ಕಂತು ಆಗಂಗಿಲ್ಲ. ಸುಮ್ನ ಒಬ್ಬರಿಗೊಬ್ಬರು ಬೈಕೋಂತ ಬಂದೀವಿ."

ಹಾಗಾದರೆ ಸಾಲ ತೀರದಿದ್ದುದು ಏಕೆ? ಆ ಕಾಗದಗಳಲ್ಲೇ ಇತ್ತು ಉತ್ತರ. ಬಡ್ಡಿ ಏರಿದಾಗಲೆಲ್ಲ ಬ್ಯಾಂಕಿನವರು ಎರಡು ಚೌಕಗಳ ಅರ್ಜಿ ಕಳಿಸಿದ್ದಾರೆ. ಮೊದಲನೇ ಚೌಕ, ಕಂತು ಹೆಚ್ಚಿಸಿರಿ. ಎರಡನೇ ಚೌಕ, ಕಂತು ಇದ್ದಷ್ಟೇ ಇರಲಿ, ವರ್ಷ ಹೆಚ್ಚಿಸಿರಿ. ನಮ್ಮ ವಂಶದಲ್ಲಿ ಎಲ್ಲರೂ ಎರಡನೆಯದಕ್ಕೇ ಗುರುತು ಹಾಕಿದ್ದೇವೆ. ನಾನೂ ಹಾಕಿದ್ದೇನೆ ತಾಯೀ, ನಾಲ್ಕು ಸಲ! ಈ ತಿಂಗಳ ಸಂಸಾರ ನಡೆದರೆ ಸಾಕೆನಿಸುತ್ತಿತ್ತು. ನೀವು ಇಪ್ಪತ್ತು ವರ್ಷಕ್ಕೆಂದು ಪಡೆದ ಸಾಲಕ್ಕೆ ಇನ್ನೂ ಎಂಬತ್ತೆಂಟು ವರ್ಷ ಬಾಕಿಯಿದೆ.

ಅಷ್ಟು ವರ್ಷ ಬದುಕುವವರು ಯಾರು? ಅದಕ್ಕಾಗಿ ಪಾದಮುದ್ರೆ ಬಂದಿದೆ. ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುವುದು, ಮಿಕ್ಕವರು ಅವಳ ಬೆನ್ನಿಗೆ ಗುದ್ದುವುದು ನಿಮ್ಮಲ್ಲೂ ಇದೆ. ನಮ್ಮಲ್ಲಿ ಹೆಸರಿನ ಹಿಂದೆಯೇ ಸಾಲದ ಬಾಕಿ ವರ್ಷವನ್ನೂ ಹೇಳುತ್ತಾರೆ, ಕೂಸಿನ ಅಂಗಾಲಿಗೆ ಮಸಿ ಹಚ್ಚಿ ಸಾಲಪತ್ರಕ್ಕೆ ಒತ್ತುತ್ತಾರೆ. ಅಲ್ಲಿಗೆ ಸಾಲ ಕೂಸಿನದೂ ಆಯಿತು. ಒತ್ತದಿದ್ದರೆ ಮೂವತ್ತು ದಿನದಲ್ಲಿ ಮನೆ ಖಾಲಿ ಮಾಡಬೇಕು.

ಇಂದು ಬೆಳಿಗ್ಗೆ, ನಮ್ಮ ಕೂಸನ್ನು ತೊಟ್ಟಿಲಿಗೆ ಹಾಕುವ ಹೊತ್ತಿಗೆ, ಬ್ಯಾಂಕಿನ ಹೆಂಗಸು ಬಂದಳು. ಇಂಥವರನ್ನು ನಾವು ಕಂತಮ್ಮ ಎನ್ನುತ್ತೇವೆ. ಕೈಯಲ್ಲಿ ನೀಲಿ ಮಸಿಯ ತಟ್ಟೆ, ಬಾಣಂತಿಗೆಂದು ಒಂದು ಕುಪ್ಪಸದ ಬಟ್ಟೆ. ಮುಕ್ತಾ ಕೂಸಿನ ಕಾಲನ್ನು ಸೆರಗಿನಲ್ಲಿ ಸುತ್ತಿದಳು.

"ಕಾಲ್ ಕೊಡಂಗಿಲ್ರಿ."

"ಹಂಗಾರ ಮನಿ ಹೋಗ್ತೈತಲ್ಲವ್ವಾ. ಹಿರ್ಯಾರು ಮಾಡಿಟ್ಟಿದ್ದು!"

"ಹಿರ್ಯಾರು ಮಾಡಿಟ್ಟಿದ್ದು ವರ್ಷಾರೀ. ತಗೊಂಡ್ ಹೋಗ್ರಿ."

ಇಂದುಧರ ನನ್ನ ಕಡೆ ತಿರುಗಿದ. "ಅಪ್ಪಾ, ನೀನರ ಏನರ ಹೇಳೋ." ರಂಗದ ಮೇಲಾಗಿದ್ದರೆ ರಾಜನಿಗೆ ಈಗ ಮೂರು ಪುಟದ ಮಾತಿರುತ್ತಿತ್ತು, ಹಾರ್ಮೋನಿಯಂ ಏರುತ್ತಿತ್ತು. ನನ್ನ ಬಾಯಿಂದ ಬಂದದ್ದು ಇಷ್ಟೇ: "ಕೂಸಿಗೆ ಕಾಲಚೀಲ ಹಾಕ್ರಿ. ಸೊಳ್ಳಿ ಕಡೀತಾವು."

ಮಗನೇ ಹೋಗಿ ಕಾಲಚೀಲ ತಂದ. ಕಂತಮ್ಮ ಮಸಿಯ ತಟ್ಟೆ ಮುಚ್ಚಿದಳು. ಕುಪ್ಪಸದ ಬಟ್ಟೆಯನ್ನು ಮಾತ್ರ ಬಿಟ್ಟು ಹೋದಳು. ನನ್ನ ಮಗಳು ನಿಂಬೆಕ್ಕ ತೊಟ್ಟಿಲಿಗೆ ಬಗ್ಗಿ ಹೆಸರು ಹೇಳಿದಳು. ವರ್ಷ ಹೇಳಲಿಲ್ಲ. ನಾವು ಅವಳ ಬೆನ್ನಿಗೆ ಚೆನ್ನಾಗಿಯೇ ಗುದ್ದಿದೆವು.

ಇನ್ನು ಗಂಟುಮೂಟೆ ಕಟ್ಟಬೇಕು. ರಾಜ್ಯ ಬಿಟ್ಟು ಕಾಡಿಗೆ ನಡೆಯುವ ದೃಶ್ಯ ನನಗೆ ಬಾಯಿಪಾಠ, ಆದರೆ ಪರದೆ ಬಿದ್ದ ಮೇಲೆ ಆ ರಾಜ ಎಲ್ಲಿ ಮಲಗುತ್ತಿದ್ದನೋ ಯಾರೂ ಬರೆದಿಟ್ಟಿಲ್ಲ. ಈ ಪತ್ರ ನಿಮ್ಮ ಕೈ ಸೇರುವ ಹೊತ್ತಿಗೆ ನಿಮ್ಮ ಬಡ್ಡಿ ಮೊದಲ ಸಲ ಏರಿರುತ್ತದೆ, ಅರ್ಜಿ ಮೇಜಿನ ಮೇಲಿರುತ್ತದೆ. ಮೊದಲನೇ ಚೌಕಕ್ಕೆ ಗುರುತು ಹಾಕಿ, ತಾಯೀ. ತಾಳಲಾಗದಿದ್ದರೆ ಮನೆಯನ್ನೇ ಮಾರಿ. ನಾವು ಬಾಡಿಗೆಯ ಕೋಣೆಯಲ್ಲೇ ಹುಟ್ಟುತ್ತೇವೆ, ನಮಗೆ ಬೇಸರವಿಲ್ಲ. ನಿಮ್ಮ ಮಗನ ಕಾಫಿಗೆ ಬೈಯಬೇಡಿ.

ತೊಟ್ಟಿಲಲ್ಲಿ ಕೂಸು ಒಂದು ಕಾಲಚೀಲ ಒದ್ದು ಬೀಳಿಸಿದೆ. ಅಂಗಾಲಿಗೆ ಮಸಿಯಿಲ್ಲ. ಅಪ್ಪಣೆಯಾಗಲಿ.

ನಿಮ್ಮ ವಂಶದ,
ದೊಡ್ಡಬಸಪ್ಪ