ಮುಳ್ಳು ಹಸಿರಿಗಿಳಿಯುವವರೆಗೆ

ಪ್ರೀತಿಯ ಮಾವಾ,

ಹೌದು, ಪ್ರೀತಿಯ ಮಾವ ಎಂದೇ ಬರೆದಿದ್ದೇನೆ. ಕೋಪ ಬಂತು ಅಂತ ಅಮ್ಮನ ತಮ್ಮ ಬೇರೆ ಯಾರೋ ಆಗಿಬಿಡುವುದಿಲ್ಲವಲ್ಲ.

ಇದನ್ನು ಬೆಟ್ಟದ ತುದಿಯಲ್ಲಿ, ಡ್ರೈವರ್ ಸೀಟಿನಲ್ಲೇ ಕೂತು, ಸ್ಟೀರಿಂಗಿಗೆ ಹಾಳೆ ಒತ್ತಿಕೊಂಡು ಬರೆಯುತ್ತಿದ್ದೇನೆ. ನೀನು ಆಗುವುದೇ ಇಲ್ಲ ಎಂದ ಗಾಡಿಯಲ್ಲಿ, ಆಗುವುದೇ ಇಲ್ಲ ಎಂದ ಕಾಲಿಟ್ಟುಕೊಂಡು ಹತ್ತಿ ಬಂದಿದ್ದೇನೆ. ನರ್ಸಮ್ಮ ಎದುರು ಮನೆಯಲ್ಲಿ ಬಾಣಂತಿಯನ್ನು ನೋಡುತ್ತಿದ್ದಾರೆ. ಗೇರು ನ್ಯೂಟ್ರಲ್‌ನಲ್ಲಿದೆ, ಹ್ಯಾಂಡ್ ಬ್ರೇಕ್ ಎಳೆದಿದ್ದೇನೆ, ಚಕ್ರಕ್ಕೆ ಕಲ್ಲು ಕೊಟ್ಟಿದ್ದೇನೆ. ಇಂಜಿನ್ ಮಾತ್ರ ಆಫ್ ಮಾಡಿಲ್ಲ. ಗೇರ್‌ಬಾಕ್ಸ್ ಎಣ್ಣೆಯ ಬಿಸಿ ತೋರಿಸುವ ಮುಳ್ಳು ಹಳದಿಯಿಂದ ಹಸಿರಿಗೆ ಇಳಿಯುವವರೆಗೆ ನನಗೆ ಬೇರೆ ಕೆಲಸವಿಲ್ಲ. ಅಷ್ಟರಲ್ಲಿ ನಿನಗೆ ಹೇಳಬೇಕಾದ್ದನ್ನು ಹೇಳಿ ಮುಗಿಸುತ್ತೇನೆ.

ಆಸ್ಪತ್ರೆಯ ಗಾಡಿಯನ್ನು ಈ ಬೆಟ್ಟಕ್ಕೆ ವರ್ಷಗಟ್ಟಲೆ ಹತ್ತಿಸಿದವನು ನೀನು. ನೀನು ಗ್ಯಾರೇಜು ತೆರೆದ ನಂತರ ಆ ಸೀಟಿಗೆ ಕೂತವಳು ನಾನು, ಕೂರಿಸಿದವನೂ ನೀನೇ. ಕಲಿಸುವಾಗ ನಾನು ಮಾತಿಗೆ ಮಾತು ಕೊಡುತ್ತಿದ್ದೆ ಅಂತ ಮೆಣಸಿನಕಾಯಿ ಎಂದು ಹೆಸರಿಟ್ಟೆ. ಲಾರಿಯೊಂದು ಫುಟ್‌ಪಾತ್ ಹತ್ತಿ ಬಂದು ನನ್ನ ಎಡಗಾಲನ್ನು ಮೊಣಕಾಲ ಕೆಳಗೆ ಕಿತ್ತುಕೊಂಡಾಗ, ವಾರ್ಡಿನಲ್ಲಿ ದಿನಾ ನನ್ನ ತಲೆ ಬಾಚಿದವನೂ ನೀನೇ. ಮೆಕ್ಯಾನಿಕ್ ಹೆಣೆದ ಜಡೆ ವೈರು ಸುತ್ತಿದ ಹಾಗಿರುತ್ತಿತ್ತು. ಅಕ್ಕಪಕ್ಕದ ಹಾಸಿಗೆಯವರು ನಗುತ್ತಿದ್ದರು, ನಾನು ಹೆಮ್ಮೆಯಿಂದ ಮಲಗಿರುತ್ತಿದ್ದೆ.

ಅದಕ್ಕೇ ಆವತ್ತಿನ ಮಾತು ಅಷ್ಟು ನೋವು ಮಾಡಿತು.

ಕ್ಲಚ್ ತುಳಿಯಲು ಎಡಗಾಲಿಲ್ಲದ ನನಗಾಗಿ ಡಾಕ್ಟರಮ್ಮ ಹುಡುಕಾಡಿ ಆಟೋಮ್ಯಾಟಿಕ್ ಗೇರಿನ ಈ ಫೋರ್ ವೀಲ್ ಗಾಡಿ ತರಿಸಿದರು. ನೀನು ಅದರ ಸುತ್ತ ಒಂದು ಸುತ್ತು ಹಾಕಿ, "ಇದು ಗಾಡಿ ಅಲ್ಲ, ತೊಟ್ಟಿಲು" ಅಂದೆ. ಪರೀಕ್ಷೆ ಮಾಡುತ್ತೇನೆ ಅಂತ ನೀನೇ ಹತ್ತಿಸಿದೆ. ಎರಡನೇ ತಿರುವಿನ ಏರಿನಲ್ಲಿ ಕುರಿಮಂದೆ ಅಡ್ಡ ಬಂತು. ಹಳೇ ಗಾಡಿಯಲ್ಲಿ ಅರ್ಧ ಕ್ಲಚ್ ಹಿಡಿದು ಏರಿನಲ್ಲಿ ನಿಲ್ಲಿಸುವುದು ನಿನ್ನ ಹೆಗ್ಗಳಿಕೆ. ಇಲ್ಲೂ ಅದೇ ಧಾಟಿಯಲ್ಲಿ, ಬ್ರೇಕ್ ಮುಟ್ಟದೆ ಬರೀ ಆಕ್ಸಿಲರೇಟರ್ ಮೇಲೆ ಗಾಡಿ ನಿಲ್ಲಿಸಿಕೊಂಡು, ಕುರಿಯವನ ಜೊತೆ ಕಷ್ಟಸುಖ ಮಾತಾಡಿದೆ. ಈ ಗಾಡಿಯಲ್ಲಿ ಇಂಜಿನ್ನಿನ ಬಲವನ್ನು ಚಕ್ರಕ್ಕೆ ದಾಟಿಸುವುದು ಎಣ್ಣೆ, ಮಾವಾ. ಚಕ್ರ ತಿರುಗದೆ ಇಂಜಿನ್ ಮಾತ್ರ ದಬ್ಬಿದರೆ ಅಂಗೈ ಉಜ್ಜಿದ ಹಾಗೆ ಎಣ್ಣೆ ಕಾಯುತ್ತದೆ. ಸುಟ್ಟ ವಾಸನೆ ಬಂದ ಕೂಡಲೇ ನೀನು ಇಂಜಿನ್ ಆಫ್ ಮಾಡಿದೆ. ಎಣ್ಣೆ ಓಡಾಡಿ ತಣ್ಣಗಾಗುವ ದಾರಿಯೂ ಅಲ್ಲಿಗೆ ಮುಚ್ಚಿತು.

ಗಾಡಿಯನ್ನು ಎಳೆದುಕೊಂಡು ಬಂದು, ಆಸ್ಪತ್ರೆಯ ಅಂಗಳದಲ್ಲಿ ಎಲ್ಲರ ಮುಂದೆ ಹೇಳಿದೆ: "ಈ ಗೇರ್‌ಬಾಕ್ಸಿಗೆ ಬೆಟ್ಟ ಹತ್ತೋ ತಾಕತ್ತಿಲ್ಲ. ಒಂಟಿ ಕಾಲಿನ ಹುಡುಗಿ ಕೈಗೆ ಜನರ ಜೀವ ಕೊಟ್ಟು ಆಟ ಆಡ್ಬೇಡಿ ಡಾಕ್ಟರಮ್ಮ." ಗಾಡಿಯ ಜೊತೆ ನನ್ನನ್ನೂ ಗುಜರಿಗೆ ಹಾಕಿದೆ. ಡಾಕ್ಟರಮ್ಮ ಬೀಗದ ಕೈಯನ್ನು ಡ್ರಾಯರಿಗೆ ಹಾಕಿ, ನನಗೆ ಒಂದೇ ಒಂದು ಅವಕಾಶ ಕೊಟ್ಟರು. ಅದು ಇವತ್ತು.

ನಿನ್ನ ಗ್ಯಾರೇಜಿನಲ್ಲಿ ಯಾರೂ ಈ ಗಾಡಿ ಮುಟ್ಟಕೂಡದು ಅಂದೆಯಂತೆ. ಸಂತೋಷ. ಸುಟ್ಟ ಎಣ್ಣೆ ತೆಗೆದು ಹೊಸದು ತುಂಬಿದೆ. ಆಸ್ಪತ್ರೆಯ ಶೆಡ್ಡಿನಲ್ಲೇ ವೆಲ್ಡರ್ ಅಣ್ಣನನ್ನು ಕಾಡಿ ಬೇಡಿ ಕಬ್ಬಿಣದ ಪಟ್ಟಿ ಮಾಡಿಸಿ, ಮುಂದಿನ ಜಾಲರಿಯ ಹಿಂದೆ ಗಾಳಿ ಬಡಿಯುವ ಕಡೆ ಎಣ್ಣೆ ತಣಿಸುವ ಆಯಿಲ್ ಕೂಲರ್ ಕೂರಿಸಿದೆ. ಅದಕ್ಕೊಂದು ಫ್ಯಾನು, ಕಣ್ಣೆದುರಿಗೆ ಈ ಮೀಟರು. ಇವತ್ತು ಬೆಟ್ಟದ ಬುಡದಲ್ಲೇ ಲೋ ಗೇರಿಗೆ ಹಾಕಿಕೊಂಡೆ. ಇಂಜಿನ್ ಗುರ್ರೆಂದರೂ ಎಣ್ಣೆಗೆ ತ್ರಾಸವಿಲ್ಲ. ಎರಡನೇ ತಿರುವಿಗೆ ಬಂದರೆ ನಿನ್ನ ಕುರಿಗಳು ಹಾಜರ್! ಬಲಗಾಲಲ್ಲಿ ಬ್ರೇಕ್ ಒತ್ತಿ, ನ್ಯೂಟ್ರಲ್‌ಗೆ ತಂದು, ಸುಮ್ಮನೆ ಕೂತೆ. ಕುರಿಯವನು ಬಗ್ಗಿ ನೋಡಿ, "ಮಾವ ಬರ್ಲಿಲ್ವಾ?" ಅಂದ. "ನಾನೇ ಸಾಕು" ಅಂದೆ. ನರ್ಸಮ್ಮ ಕಿಟಕಿ ಕಡೆ ಮುಖ ತಿರುಗಿಸಿಕೊಂಡು ನಕ್ಕರು.

ಮುಳ್ಳು ಕೆಂಪು ಮುಟ್ಟಲೇ ಇಲ್ಲ, ಮಾವಾ.

ಇಲ್ಲಿಗೆ ಬಂದ ಮೇಲೆ ಎಲ್ಲಾದರೂ ಸೋರುತ್ತಿದೆಯಾ ನೋಡೋಣ ಅಂತ ಬಾನೆಟ್ ಎತ್ತಿದೆ. ಕೂಲರಿನ ನಾಲ್ಕೂ ಬೋಲ್ಟಿನ ಮೇಲೆ ಹಳದಿ ಬಣ್ಣದ ಗೆರೆ. ಬೋಲ್ಟ್ ಬಿಗಿ ಮಾಡಿದ ಮೇಲೆ ಹೀಗೆ ಗೆರೆ ಎಳೆಯುವವನು ನೀನೊಬ್ಬನೇ. ಗೆರೆ ಮುರಿದರೆ ಬೋಲ್ಟ್ ಸಡಿಲವಾಗಿದೆ ಎಂದು ಗೊತ್ತಾಗಲಿ ಅಂತ. ನಿನ್ನೆ ಸಂಜೆ ನಾನು ಶೆಡ್ ಬಿಡುವಾಗ ಅವು ಇರಲಿಲ್ಲ. ನಾನು ಬಿಗಿ ಮಾಡಿದ್ದನ್ನು ನಂಬದೆ ಬಂದೆಯೋ, ನಾನು ಹತ್ತೇ ಹತ್ತುತ್ತೇನೆ ಎಂದು ನಂಬಿ ಬಂದೆಯೋ ಗೊತ್ತಿಲ್ಲ. ಬಾನೆಟ್ ಹಿಡಿದುಕೊಂಡು ಚೆನ್ನಾಗಿ ಅತ್ತೆ. ಬೆಟ್ಟ ಹತ್ತಿದ ಮೇಲೂ ಒಂದು ಗೆರೆಯೂ ಮುರಿದಿಲ್ಲ.

ಆದರೂ ಕೇಳು. ಕದ್ದು ಬಂದು ಬೋಲ್ಟ್ ಬಿಗಿ ಮಾಡುವ ಪ್ರೀತಿ ನನಗೆ ಸಾಲದು. ಎಲ್ಲರ ಮುಂದೆ ಆಡಿದ ಮಾತನ್ನು ಎಲ್ಲರ ಮುಂದೆಯೇ ವಾಪಸ್ ತೆಗೆದುಕೋ. ಬೀಗದ ಕೈಯನ್ನು ನಿನ್ನಿಂದ ಬೇಡುತ್ತಿಲ್ಲ, ಅದನ್ನು ಇವತ್ತು ಗೆದ್ದುಕೊಂಡಿದ್ದೇನೆ. ಒಂಟಿ ಕಾಲಿನ ಹುಡುಗಿ ಅಂದ ಬಾಯಿಂದ, ಅದೇ ಅಂಗಳದಲ್ಲಿ, "ನಮ್ಮ ಡ್ರೈವರ್" ಅಂತ ಕೇಳಬೇಕು ನನಗೆ. ಹೇಳುವವರೆಗೆ ನಿನ್ನ ಮನೆ ಹೊಸ್ತಿಲು ತುಳಿಯುವುದಿಲ್ಲ. ಅತ್ತೆ ಕರೆದರೂ ಇಲ್ಲ.

ಮುಳ್ಳು ಹಸಿರಿಗೆ ಬಂತು. ನರ್ಸಮ್ಮ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಾರೆ. ಇಳಿದು ಬರುತ್ತಿದ್ದೇನೆ. ಬಂದ ಕೂಡಲೇ ಈ ಹಾಳೆಯನ್ನು ನರ್ಸಮ್ಮನ ಕೈಯಲ್ಲಿ ನಿನ್ನ ಗ್ಯಾರೇಜಿಗೆ ಕಳಿಸುತ್ತೇನೆ. ಅಂಗಳದಲ್ಲಿ ಗಾಡಿ ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ಇಂಜಿನ್ ಓಡುತ್ತಿರುತ್ತದೆ. ನಿನಗೆ ಬರಲು ಅಷ್ಟು ಸಮಯ ಸಾಕು.

ನಿನ್ನ ಡಬ್ಬಿಯ ಹಳದಿ ಬಣ್ಣ ಎಂದೂ ಒಣಗದಿರಲಿ, ಮಾವಾ.

ಹತ್ತಿ ಬಂದವಳು,
ನಿನ್ನ ಮೆಣಸಿನಕಾಯಿ