ಎಲೆ ಉದುರಿದ ಮನೆಯತ್ತಿಯ ಪರವಾಗಿ

ಬೆಟಗೇರಿ ನೆರಳೂರು
ಇಸವಿ ೨೧೯೧, ಹದಿಮೂರನೆಯ ತಿಂಗಳು

ನಮ್ಮ ಹಿಂದಿನವರಿಗೆ,

ಕಳೆದ ಚಳಿಗಾಲದಲ್ಲಿ ನಮ್ಮೂರಿನ ಸಮಬೆಳಕು ಸಮಿತಿ ಬದುಕಿದ್ದ ಗಿಡಗಳನ್ನು ಸತ್ತವೆಂದು ಸಾರಿ ಗೊಬ್ಬರದ ಮನೆಗೆ ಹೊರಿಸಿತು. ಹೀಗೆ ಮಾಡಿದ್ದೇಕೆಂದು ಕೇಳಿದಾಗ ಅದು ಸಾಕ್ಷಿಗೆ ಕರೆದದ್ದು ನಿಮ್ಮನ್ನು. ಆದ್ದರಿಂದ ನಿಮಗೇ ಬರೆಯುತ್ತಿದ್ದೇನೆ.

ಹದಿಮೂರನೆಯ ತಿಂಗಳೆಂದರೆ ನಿಮಗೆ ನಗು ಬರಬಹುದು. ಅದು ನಾವು ಬೇಸಿಗೆಯ ನಡುವೆ ಸೇರಿಸಿಕೊಂಡ ಸೆಕೆಯ ತಿಂಗಳು. ಆಗ ಶಾಲೆ ಕಚೇರಿಗಳು ಮುಚ್ಚಿರುತ್ತವೆ, ಯಾರೂ ಹೊರಗೆ ಕಾಲಿಡುವುದಿಲ್ಲ. ನಿಮ್ಮ ಕಾಲದ ಪುಸ್ತಕಗಳನ್ನು ಓದಿಯೇ ನಾನು ನಿಮ್ಮ ಕನ್ನಡ ಕಲಿತದ್ದು. ಆದರೂ ನಡುನಡುವೆ ನಮ್ಮ ಮಾತುಗಳು ನುಸುಳಿಯಾವು, ಮನ್ನಿಸಿ. ಹಿಂದಿನ ಕಾಲಕ್ಕೆ ಕಳಿಸುವ ಇಂಥ ಪತ್ರಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಒಬ್ಬ ಮನುಷ್ಯನಿಗೆ ಇಡೀ ಆಯುಷ್ಯದಲ್ಲಿ ಒಂದೇ ಹಿಂದೋಲೆ ಬರೆಯುವ ಹಕ್ಕಿದೆ. ಜನ ಅದನ್ನು ತೀರಿಹೋದ ತಾಯಿಗೆ ಬರೆಯುತ್ತಾರೆ, ಯುದ್ಧ ಹೂಡಿದವರಿಗೆ ಬರೆಯುತ್ತಾರೆ. ನನ್ನ ತಂಗಿಯಂತೂ, "ನೀಲಕ್ಕಾ, ಇದ್ದದ್ದೊಂದು ಓಲೆ, ಅದನ್ನೂ ಕುಂಡದಾಗಿನ ಗಿಡಕ್ಕ ಹಾಕ್ತೀಯಲ್ಲ, ನಿನಗ ಏನನ್ನಬೇಕು" ಎಂದು ಎರಡು ದಿನ ಮಾತು ಬಿಟ್ಟಿದ್ದಳು. ಅವಳ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಬೇರೆ ದಾರಿ ಉಳಿದಿಲ್ಲ.

ನೆರಳೂರೆಂದರೆ ಒಂದೇ ಸೂರಿನ ಕೆಳಗಿರುವ ಊರು. ಹೊರಗಿನ ಬಿಸಿಲು ತಡೆಯಲಾಗದ್ದರಿಂದ ನಾವೆಲ್ಲ ಎತ್ತರದ ಕಟ್ಟಡಗಳಲ್ಲಿ ಒಬ್ಬರ ಮೇಲೊಬ್ಬರು ಬದುಕುತ್ತೇವೆ. ಪ್ರತಿ ಮಹಡಿಯಲ್ಲೂ ಮೆಟ್ಟಿಲ ಬಳಿ ಒಂದು ಬೆಳಕುಗಿಂಡಿ ಇರುತ್ತದೆ. ದಪ್ಪ ಗಾಜು ಹಾಕಿದ, ಹೊರಗಿನ ಬೆಳಕು ಬರುವ ಒಂದೇ ಜಾಗವದು. ಅದರ ಮುಂದೆ ಒಂದು ಮನೆಯತ್ತಿ. ನಿಮ್ಮ ನರ್ಸರಿಗಳಲ್ಲಿ ಫೈಕಸ್ ಎಂದು ಮಾರುತ್ತಿದ್ದ, ಆಲ ಅತ್ತಿಗಳ ಕುಲದ, ಸಣ್ಣ ಹೊಳಪಿನ ಎಲೆಗಳ ಗಿಡವೇ ಇದು. ನೀವು ಅದನ್ನು ಸೋಫಾದ ಪಕ್ಕ ಚೆಂದಕ್ಕೆಂದು ಇಟ್ಟಿರಿ. ನಮಗೆ ಕಣ್ಣಿಗೆ ಬೀಳುವ ಮರವೆಂದರೆ ಅದೊಂದೇ. ಕೂಸಿಗೆ ಹೆಸರಿಡುವ ಮುಂಚೆ ಅದರ ಕೈಯನ್ನು ಎಲೆಗೆ ಮುಟ್ಟಿಸುತ್ತೇವೆ. ಎಲೆಯ ಮೇಲೆ ದೂಳು ಕೂತರೆ ಗಿಡಕ್ಕೆ ಉಸಿರು ಕಟ್ಟುತ್ತದೆಂದು ಮನೆಗೊಂದು ಸರದಿ ಹಚ್ಚಿಕೊಂಡು ಒದ್ದೆ ಬಟ್ಟೆಯಿಂದ ಒರೆಸುತ್ತೇವೆ. ನೀರನ್ನು ಮಾತ್ರ ಎಲ್ಲರೂ ಹಾಕುವಂತಿಲ್ಲ. ಹೋಗುವವರು ಬರುವವರು ಪ್ರೀತಿಯಿಂದ ಒಂದೊಂದು ಲೋಟ ಸುರಿದರೆ ಬೇರು ಕೊಳೆಯುತ್ತದೆ. ಅದಕ್ಕೆ ಮಹಡಿಗೊಬ್ಬರು ನೀರಿನವರು. ಅವರು ಮಣ್ಣಿನಲ್ಲಿ ಬೆರಳಿಟ್ಟು ನೋಡಿ, ಒಣಗಿದ್ದರಷ್ಟೇ ಹಾಕುತ್ತಾರೆ. ನಮ್ಮ ಮಹಡಿಯ ನೀರಿನವಳು ಫಕೀರವ್ವ. ಮದುವೆಯಾಗಿ ಬಂದ ವರ್ಷದಿಂದ ಆ ಕೆಲಸ ಅವಳದು, ಈಗ ಅವಳಿಗೆ ಮೊಮ್ಮಕ್ಕಳಿದ್ದಾರೆ.

ನಾವು ನ್ಯಾಯಕ್ಕೆ ಹೆಸರಾದ ಜನ. ಅನ್ನ, ನೀರು, ಗಾಳಿ ಎಲ್ಲರಿಗೂ ಸಮನಾಗಿ ಹಂಚುತ್ತೇವೆ, ಅದರ ಬಗ್ಗೆ ನನಗೆ ಹೆಮ್ಮೆಯೇ ಇದೆ. ಮೇಲಿನ ಮಹಡಿಯ ಗಿಡಗಳಿಗೆ ಹೆಚ್ಚು ಬೆಳಕು, ಕೆಳಗಿನವಕ್ಕೆ ಕಡಿಮೆ ಎಂಬ ದೂರು ಬಂದಾಗ ಸಮಬೆಳಕು ಸಮಿತಿ ಹುಟ್ಟಿತು. ವರ್ಷಕ್ಕೊಮ್ಮೆ ಗಿಡಗಳನ್ನು ಮಹಡಿಯಿಂದ ಮಹಡಿಗೆ ಬದಲಾಯಿಸಬೇಕೆಂದು ಅದು ಠರಾವು ಮಾಡಿತು. ಸಭೆಯಲ್ಲಿ ಎಲ್ಲರೂ ಕೈ ಎತ್ತಿದೆವು. ಈ ಗಿಡಕ್ಕೆ ಜಾಗ ಬದಲಾದರೆ ಆಗದು ಎಂಬುದು ಯಾರಿಗೂ ತಿಳಿದಿರಲಿಲ್ಲ, ಏಕೆಂದರೆ ಅದುವರೆಗೆ ಯಾರೂ ಅದನ್ನು ಕದಲಿಸಿರಲಿಲ್ಲ. ಫಕೀರವ್ವನ ಗಿಡ ಮೂರನೆಯ ಮಹಡಿಗೆ ಇಳಿಯಿತು, ಮೂರನೆಯದರ ಗಿಡ ನಮ್ಮಲ್ಲಿಗೆ ಹತ್ತಿತು. ವಾರ ಕಳೆಯುವುದರೊಳಗೆ ಎಲೆ ಹಳದಿಯಾಗಿ ಉದುರತೊಡಗಿತು. ಗುಡಿಸಿದಷ್ಟೂ ಉದುರಿತು. ಕೊನೆಗೆ ಬರೀ ಕಡ್ಡಿ ಉಳಿಯಿತು. ಎಲ್ಲ ಮಹಡಿಗಳಲ್ಲೂ ಇದೇ ಕಥೆ.

ಸಮಿತಿಯ ಈರಣ್ಣ ಹೊಂಬಳ ಇಬ್ಬರು ಆಳುಗಳೊಡನೆ ನಮ್ಮ ಮಹಡಿಗೆ ಬಂದಾಗ ನಾನು ಅಲ್ಲೇ ಇದ್ದೆ.

"ಇದು ಸತ್ತೈತಿ ಬೇ ಯವ್ವಾ, ಒಯ್ತೇವಿ" ಎಂದ.

"ಸತ್ತಿಲ್ಲೋ, ಮುನಿಸಿಕೊಂಡೈತಿ" ಎಂದಳು ಫಕೀರವ್ವ. "ನಿನ್ನ ಹೇಣ್ತಿ ಸಿಟ್ಟಾಗಿ ತವರಿಗೆ ಹೋದ್ರ ಸತ್ತಾಳಂತ ದಿನಾ ಮಾಡಿಬಿಡ್ತೀಯೇನು?"

ಆಳುಗಳು ನಕ್ಕರು, ಈರಣ್ಣನೂ ನಕ್ಕ. ಅವಳು ಉಗುರಿನಿಂದ ತೊಗಟೆ ಕೆರೆದು ತೋರಿಸಿದಳು. ಒಳಗೆ ಹಸಿರಿತ್ತು, ಬಿಳಿ ಹಾಲು ಒಸರಿತು. ಈರಣ್ಣ ಬಗ್ಗಿ ನೋಡಿದ. ಕೆಟ್ಟ ಮನುಷ್ಯನೇನಲ್ಲ ಅವನು.

"ಹಾಲು ಐತಿ, ನಾ ಇಲ್ಲ ಅನ್ನೂದಿಲ್ಲ. ಆದ್ರ ನಿಯಮದಾಗ ಎಲಿ ಅಂತ ಬರದಾರ, ಹಾಲು ಅಂತ ಬರದಿಲ್ಲ."

ಮೂರನೆಯ ಮಹಡಿಯಿಂದ ಬಂದಿದ್ದ ಆ ಗಿಡ ಹೋಯಿತು.

ನಾನು ಸಮಿತಿಗೆ ಬರೆದೆ. ಅವರ ಉತ್ತರ ವಿನಯವಾಗಿಯೇ ಇತ್ತು. ಅದರೊಡನೆ ನಿಮ್ಮ ಕಾಲದ ಚಿತ್ರಗಳಿದ್ದವು. ಅಪಾರ್ಟ್‌ಮೆಂಟಿನ ಗೇಟಿನ ಹೊರಗೆ, ಕಸದ ಚೀಲಗಳ ಪಕ್ಕ, ಎಲೆ ಉದುರಿದ ಫೈಕಸ್ ಕುಂಡ ಸಮೇತ ನಿಂತಿದೆ. ಇನ್ನೊಂದು ಬೀದಿ, ಇನ್ನೊಂದು ಊರು, ಅದೇ ದೃಶ್ಯ. ಈ ಗಿಡವನ್ನು ಮೊದಲು ಮನೆಯೊಳಗೆ ತಂದವರೇ ಎಲೆ ಉದುರಿದ ಕೂಡಲೇ ಎಸೆದಿದ್ದಾರೆ, ಅವರಿಗಿಂತ ನಾವು ಬಲ್ಲೆವೇ, ಎಂದು ಸಮಿತಿ ಕೇಳಿತು.

ಅಂದಿನಿಂದ ಗ್ರಂಥಾಗಾರದಲ್ಲಿ ನಿಮ್ಮನ್ನು ಓದುತ್ತಿದ್ದೇನೆ. ನಿಮ್ಮ ಪರದೆಗಳ ಮೇಲೆ ಇದ್ದದ್ದೆಲ್ಲ ಅಳಿದುಹೋಗಿದೆ, ಕಾಗದದ ಮೇಲೆ ಅಚ್ಚಾದದ್ದು ಮಾತ್ರ ಅಷ್ಟಿಷ್ಟು ಉಳಿದಿದೆ. ಅದರಲ್ಲಿ ಸಲಹೆಗಳು ಸಿಕ್ಕವು: ಎಸಿಯ ಗಾಳಿಗೆ ಇಡಬೇಡಿ, ಕಿಟಕಿಯ ಪಕ್ಕ ಇಡಿ, ಇಟ್ಟ ಮೇಲೆ ಅಲ್ಲಾಡಿಸಬೇಡಿ. ಎಲ್ಲವೂ ಸರಿಯೇ. ಆದರೆ ಎಲೆ ಉದುರಿದ ಮೇಲೂ ಎಸೆಯದೆ ಕಾದೆವು, ಚಿಗುರಿತು ಎಂದು ಬರೆದವರು ಒಬ್ಬರೂ ಸಿಗಲಿಲ್ಲ. ಕಾದವರು ನಿಮ್ಮಲ್ಲಿ ಇದ್ದೇ ಇದ್ದಿರಬೇಕು. ಬರಿಗಿಡದ ಮುಂದೆ ಸುಮ್ಮನೆ ಕೂತವರ ಚಿತ್ರ ಯಾರು ತೆಗೆಯುತ್ತಾರೆ? ನೀವು ಎಸೆದದ್ದು ಉಳಿಯಿತು, ಕಾದದ್ದು ಉಳಿಯಲಿಲ್ಲ. ನಿಮ್ಮ ಮೇಲೆ ನನಗಿದ್ದ ಸಿಟ್ಟು ಈಗೀಗ ಬರೀ ಬೇಸರವಾಗಿದೆ.

ಫಕೀರವ್ವನ ಗಿಡ ಇನ್ನೂ ಮೂರನೆಯ ಮಹಡಿಯಲ್ಲಿದೆ. ಅಲ್ಲಿಯ ಜನ ಹಟ ಹಿಡಿದದ್ದರಿಂದ ಸೆಕೆಯ ತಿಂಗಳು ಮುಗಿದ ಮೇಲೆ ನಡೆಯುವ ಬಯಲಸಭೆಯವರೆಗೆ, ಅಂದರೆ ಊರವರೆಲ್ಲ ಕೂತು ತೀರ್ಮಾನಿಸುವ ಸಭೆಯವರೆಗೆ, ಅದಕ್ಕೆ ಬಿಡುವು ಸಿಕ್ಕಿದೆ. ಅವಳು ದಿನವೂ ಬೆಳಿಗ್ಗೆ ಮೊಣಕಾಲು ಹಿಡಿದುಕೊಂಡು ಮೆಟ್ಟಿಲಿಳಿದು ಹೋಗಿ ಅದರ ಮುಂದೆ ಕೂರುತ್ತಾಳೆ. ನೀರು ಹಾಕುವುದಿಲ್ಲ. ಈಗ ಆ ಹಕ್ಕು ಮೂರನೆಯ ಮಹಡಿಯವರದು. ಮರುಕದಿಂದ ಯಾರಾದರೂ ತಂಬಿಗೆ ತಂದರೆ, "ಬ್ಯಾಡ ತಂಗಿ, ಎಲಿ ಇಲ್ಲದ್ದಕ್ಕ ನೀರಡಿಕಿನೂ ಕಮ್ಮಿ, ಕುಡಿಸಿ ಕೊಲ್ಲಬ್ಯಾಡ" ಎಂದು ತಡೆಯುತ್ತಾಳೆ. ಚಿಗುರಿಗೆ ಇನ್ನೂ ತಿಂಗಳುಗಳೇ ಬೇಕಾದಾವು. ಸಭೆ ಅಷ್ಟು ಕಾಯುವುದಿಲ್ಲ. ಕಣ್ಣಾರೆ ಕಂಡವರ ಮಾತಿದ್ದರೆ ಮಾತ್ರ ಕೇಳುತ್ತದೆ, ಅದೂ ಅಚ್ಚಾದ ಮಾತು.

ಗ್ರಂಥಾಗಾರದಲ್ಲಿ ಇನ್ನೂ ಬಿಚ್ಚದ ಹಳೆಯ ಪತ್ರಿಕೆಗಳ ಕಟ್ಟುಗಳಿವೆ. ಸಭೆ ಸೇರುವ ಮೊದಲು ಅವನ್ನೆಲ್ಲ ಬಿಚ್ಚಿ ಓದುತ್ತೇನೆ. ನೀವು ಬರೆದು ಅಚ್ಚಾದದ್ದು ಅವುಗಳಲ್ಲಿ ಸಿಕ್ಕೀತು, ಅದಕ್ಕಾಗಿ ನಿಮ್ಮನ್ನು ಕೇಳುತ್ತಿದ್ದೇನೆ: ಎಲೆ ಉದುರಿದ ಫೈಕಸ್ ನಿಮ್ಮ ಮನೆಯಲ್ಲಿ ಮತ್ತೆ ಚಿಗುರಿದ್ದನ್ನು ಕಂಡಿದ್ದರೆ, ಹೆಸರು ಊರು ಹಾಕಿ ನಿಮ್ಮ ಪತ್ರಿಕೆಗೆ ಬರೆಯಿರಿ. ಚಿಗುರುತ್ತದೋ ಇಲ್ಲವೋ ನೋಡದೆಯೇ ಎಸೆದಿದ್ದರೆ, ಅದನ್ನೂ ಹಾಗೆಯೇ ಬರೆಯಿರಿ, ನಿಮ್ಮ ಚಿತ್ರಗಳನ್ನು ಸಾಕ್ಷಿಯೆಂದು ಯಾರೂ ಮತ್ತೆ ತೋರಿಸದಂತಾಗಲಿ. ನಿಮ್ಮನಿಮ್ಮೊಳಗೆ ಮಾತಾಡಿಕೊಂಡರೆ ನಮಗೆ ತಲುಪುವುದಿಲ್ಲ. ನಾಲ್ಕು ಜನರ ಮುಂದೆ, ಕಾಗದದ ಮೇಲೆ, ಉತ್ತರ ಕೊಡಿ.